ಕಿವಿಯಣ್ಣನ ಎದುರು ಗಾಡಿ ಸುಳ್ಳು ಹೇಳುತ್ತದೆ

ಆ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲು ಗಿರಾಕಿ ಬಾಯಿ ತೆರೆಯಬೇಕಿತ್ತು. ಷಟರಿನ ಪಕ್ಕದ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಚೌಕ ಬರೆದಿತ್ತು. ಗಿರಾಕಿ ಅದರೊಳಗೆ ನಿಂತು, ತನ್ನ ಕಾರು ಬೆಳಿಗ್ಗೆ ಹೇಗೆ ಮುಷ್ಕರ ಹೂಡಿತು ಎಂಬುದನ್ನು ಕೂಗಿ ತೋರಿಸಬೇಕು. ಮೆಕ್ಯಾನಿಕ್ ಕಬ್ಬಿಣದ ಸ್ಟೂಲಿನ ಮೇಲೆ ಕೂತು, ತಲೆ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು.

"ಮೆಕ್ಯಾನಿಕ್ ಎದುರಿಗೆ ಗಾಡಿ ಸುಳ್ಳು ಹೇಳುತ್ತೆ" ಎಂಬುದು ಅವನ ಸಿದ್ಧಾಂತ. "ಮನೇಲಿ ಹತ್ತು ಸಲ ಹಟ ಮಾಡಿರುತ್ತೆ. ಇಲ್ಲಿಗೆ ಬಂದ ಕೂಡ್ಲೆ ಒಳ್ಳೆ ಮಗು. ಮನುಷ್ಯನ ಗಂಟಲು ಅಷ್ಟು ಸುಳ್ಳು ಹೇಳಲ್ಲ."

'ಟಕಟಕಟಕ' ಎಂದರೆ ಬ್ಯಾಟರಿ ಸೋತಿದೆ. ಒಂದೇ 'ಟಕ್' ಎಂದು ನಿಂತರೆ ಸ್ಟಾರ್ಟರ್ ನೋಡಬೇಕು. 'ರ್ರೂಂ ರ್ರೂಂ' ಎಂದು ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲು ಬರುತ್ತಿಲ್ಲ, ಇಲ್ಲವೇ ಕಿಡಿ ಹಾರುತ್ತಿಲ್ಲ. ಒಮ್ಮೆ ಒಬ್ಬ ನ್ಯಾಯಾಧೀಶರು ಚೌಕದಲ್ಲಿ ನಿಂತು, ಅತ್ತಿತ್ತ ನೋಡಿ, ಸಣ್ಣಗೆ 'ಕುಂಯ್' ಎಂದಿದ್ದರು.

"ಕೊನೇಲಿ ಕೆಮ್ಮಿದ್ದು ಗಾಡಿನೋ, ನೀವೋ ಸ್ವಾಮಿ?"

"ನಾನು."

"ಹಾಗಾದ್ರೆ ಬೆಲ್ಟ್" ಎಂದು ಕಿವಿಯಣ್ಣ ತೀರ್ಪು ಕೊಟ್ಟ. ಬೆಲ್ಟೇ ಆಗಿತ್ತು.

ಇಂಥ ಕಿವಿ ಮನೆಯೊಳಗೆ ಕೈಕೊಟ್ಟಿತು. ಗ್ಯಾರೇಜಿನ ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಒಂದು ಮಧ್ಯಾಹ್ನ ಅವನ ಹೆಂಡತಿ ಅಲ್ಲಿ ಸಿಂಕಿನ ಅಂಚು ಹಿಡಿದು ಅಳುತ್ತಿದ್ದಳು. ಕಿವಿಯಣ್ಣ ಕೈ ತೊಳೆಯಲು ಬಂದವನು ನಿಂತ. ಪ್ರೀತಿಯಿಂದಲೇ ನಿಂತ. ತಲೆ ವಾಲಿಸಿದ, ಕಣ್ಣು ಮುಚ್ಚಿದ, ಬಿಕ್ಕುಗಳನ್ನು ಒಂದೊಂದಾಗಿ ಆಲಿಸಿದ. ಆಮೇಲೆ ಮೃದುವಾಗಿ ಹೇಳಿದ: "ಮೂರನೇ ಸಿಲಿಂಡರ್ ಮಿಸ್ ಹೊಡೀತಿದೆ."

ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

ಹತ್ತೊಂಬತ್ತು ದಿನ ಅವನ ತಾಯಿಯೇ ನಡುವಿನ ತಂತಿಯಾದಳು. "ನಿನ್ನ ಅಂಗಿಯ ಗ್ರೀಸ್ ಹೋಗಲ್ವಂತೆ, ಮಗಾ" ಎಂದು ಈ ಕಡೆ. "ಹೋಗದಿದ್ರೆ ಇರಲಿ ಅಂತಾನಮ್ಮ" ಎಂದು ಆ ಕಡೆ. ಮೂವರೂ ಒಂದೇ ಮೇಜಿನ ಮುಂದೆ ಕೂತಿರುತ್ತಿದ್ದರು.

ಹತ್ತೊಂಬತ್ತನೆಯ ದಿನ ತಾಯಿ ಬೇರೆಯೇ ಸುದ್ದಿ ತಂದಳು. "ಅವಳು ಅಕ್ಕನ ಮನೆಗೆ ಹೋಗ್ತಾಳಂತೆ. ಎಷ್ಟು ದಿನ ಅಂತ ಹೇಳಲಿಲ್ಲ. ಚಳಿಗಾಲದ ಬಟ್ಟೇನೂ ತುಂಬ್ಕೊಂಡಿದಾಳೆ." ಆಗಿನ್ನೂ ಬೇಸಿಗೆಯ ಮೊದಲ ವಾರ. ಕಿವಿಯಣ್ಣನ ಕೈಯಿಂದ ಸ್ಪ್ಯಾನರ್ ಜಾರಿತು.

ಅವಳಿಗೆ ಕಾರು ಓಡಿಸಲು ಕಲಿಸಿದವನು ಅವನೇ. ಅವಳು ಸೂಟ್‌ಕೇಸನ್ನು ಮನೆಯ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಒಳಗೆ ಕೂತು ಕೀ ತಿರುಗಿಸಿದಳು. ಕಿವಿಯಣ್ಣ ಗ್ಯಾರೇಜಿನಲ್ಲಿ ಬೆನ್ನು ತಿರುಗಿಸಿ ನಿಂತು ಕಾಯ್ದ. ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಾಯಿ ಬಂದಳು. "ಗಾಡಿ ಸ್ಟಾರ್ಟ್ ಆಗಲ್ವಂತೆ."

ಅವನು ಹೋದ. ಹೆಂಡತಿ ಇಳಿದು ಗೋಡೆ ನೋಡುತ್ತ ನಿಂತಳು. ಅವನು ಕೂತು ಕೀ ತಿರುಗಿಸಿದ್ದೇ ತಡ, ಎಂಜಿನ್ ಗುನುಗತೊಡಗಿತು. ಆರಿಸಿ ಇಳಿದ. ಅವಳು ಕೂತಳು. ಕಾರು ಕಲ್ಲಾಯಿತು. ಅವನು ಕೂತರೆ ಗುನುಗು, ಅವಳು ಕೂತರೆ ಕಲ್ಲು. ಹೀಗೆ ಆರು ಸಲ ಹತ್ತಿದರು, ಇಳಿದರು, ಒಂದು ಮಾತಿಲ್ಲ. ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಕಿಟಕಿಗೆ ಬಂದ.

"ನೀನೇ ಏನೋ ಮಾಡಿಟ್ಟಿದೀಯ ಅಂತಾಳೆ" ಎಂದಳು ತಾಯಿ.

ಆ ಮಾತು ಅವನಿಗೆ ನಾಟಿತು. ಕಾರು ಹೊರಡದಿದ್ದರೆ ಅವಳು ಉಳಿಯುತ್ತಾಳೆ ಎಂಬ ಆಸೆ ಅವನಿಗೆ ಇರಲಿಲ್ಲವೆಂದಲ್ಲ. ಆದರೆ ಕೆಟ್ಟ ಗಾಡಿಯನ್ನು ಕೆಟ್ಟಿದೆ ಎಂದು ಗೊತ್ತಿದ್ದೂ ಬಿಟ್ಟವನಲ್ಲ ಅವನು. "ಚೌಕಕ್ಕೆ ಬರೋಕೆ ಹೇಳಮ್ಮ. ಕೂಗಿ ತೋರಿಸಲಿ."

"ಅವಳ್ಯಾಕೆ, ನಾನೇ ತೋರಿಸ್ತೀನಿ" ಎಂದು ತಾಯಿ ಚೌಕದಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, "ಡುರ್... ಡುರ್... ಪಟಕ್" ಎಂದಳು.

ಕಿವಿಯಣ್ಣ ಕಣ್ಣು ತೆರೆದ. "ಅಮ್ಮಾ, ಇದು ಅಪ್ಪನ ಸ್ಕೂಟರು."

"ಹೌದಾ?" ತಾಯಿ ಸ್ವಲ್ಪ ನಾಚಿದಳು. "ನಂಗೆ ಬರೋದು ಅದೊಂದೇ."

ಆಗ ಹೆಂಡತಿ ತಾನೇ ಬಂದು ಅತ್ತೆಯನ್ನು ಮೆಲ್ಲಗೆ ಸರಿಸಿ, ಚೌಕದಲ್ಲಿ ನಿಂತಳು. ಗಾಳಿಯಲ್ಲಿ ಕೀ ಹಿಡಿದು ತಿರುಗಿಸಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಬಾಯಿ ತೆರೆದುಕೊಂಡೇ ಅವನನ್ನು ದಿಟ್ಟಿಸಿದಳು.

"ಇಲ್ಲೂ ಮಾತಾಡಲ್ಲ ಇವಳು" ಎಂದಳು ತಾಯಿ.

"ಇರಮ್ಮ. ಅವಳು ತೋರಿಸ್ತಿದಾಳೆ."

ಕಿವಿಯಣ್ಣ ಆ ನಿಶ್ಶಬ್ದಕ್ಕೆ ತಲೆ ವಾಲಿಸಿದ. ಟಕಟಕ ಇಲ್ಲ, ಟಕ್ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಹೀಗೇ.

"ದೀಪ?" ಎಂದು ಕೇಳಿದ.

ಅವಳು ಎರಡೂ ಮುಷ್ಟಿಗಳನ್ನು ಅರಳಿಸಿ ತೋರಿಸಿದಳು.

"ಹಾರ್ನ್?"

"ಪೀಂ" ಎಂದಳು.

ಹತ್ತೊಂಬತ್ತು ದಿನಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ರೋಗ ಪತ್ತೆಹಚ್ಚಲು ಅಗತ್ಯವಿಲ್ಲದಿದ್ದರೂ ಕಿವಿಯಣ್ಣ, "ಇನ್ನೊಂದ್ಸಲ" ಎಂದ.

"ಪೀಂ." ಈ ಸಲ ಸಿಟ್ಟಿತ್ತು.

ಬ್ಯಾಟರಿ ಗಟ್ಟಿಯಾಗಿದೆ. ಆದರೂ ಸ್ಟಾರ್ಟರಿಗೆ ಕರೆಂಟು ಹೋಗುತ್ತಿಲ್ಲ. ತಾನು ಕೂತರೆ ಹೋಗುತ್ತದೆ, ಅವಳು ಕೂತರೆ ಇಲ್ಲ. ಅವನು ಕಣ್ಣು ತೆರೆದು ಮೊದಲು ತನ್ನ ಕಾಲು ನೋಡಿದ, ಆಮೇಲೆ ಅವಳ ಕಾಲು. ತನ್ನದು ಏಣಿಯಷ್ಟುದ್ದ. ಅವಳದು ಸ್ಟೂಲಿನ ಮೇಲೆ ಕೂತರೆ ನೆಲ ಮುಟ್ಟುವುದಿಲ್ಲ.

ಆ ಕಾರಿನಲ್ಲಿ ಕ್ಲಚ್ಚಿನ ಹಿಂದೆ ಒಂದು ಸ್ವಿಚ್ಚಿದೆ. ಪೆಡಲನ್ನು ತಳಮುಟ್ಟ ತುಳಿಯದಿದ್ದರೆ ಸ್ಟಾರ್ಟರ್ ಮಿಸುಕುವುದಿಲ್ಲ. ಮದುವೆಯಾದಂದಿನಿಂದ, ಯಾವ ಕಾರೇ ಇರಲಿ, ಅವನು ಇಳಿಯುವಾಗ ಸೀಟನ್ನು ಅವಳಿಗಾಗಿ ಮುಂದಕ್ಕೆ ತಳ್ಳಿಯೇ ಇಳಿಯುತ್ತಿದ್ದ. ಸೀಟಿನ ಕೆಳಗೊಂದು ಹಿಡಿ ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಮಾತು ನಿಂತ ಮೇಲೆ ಅವನ ಕೈ ಸೀಟು ತಳ್ಳುವುದನ್ನೂ ನಿಲ್ಲಿಸಿತ್ತು. ಅವನಿಗೇ ತಿಳಿಯದಂತೆ.

ಅವನು ಹೋಗಿ, ಬಗ್ಗಿ, ಸೀಟನ್ನು ಅದರ ಹಳಿಯ ಮೇಲೆ ನಾಲ್ಕು ಹಲ್ಲು ಮುಂದಕ್ಕೆ ತಳ್ಳಿದ. ಅವಳು ಕೂತು ಕೀ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ಇನ್ನು ಅವಳು ಹೋಗಬಹುದಿತ್ತು.

ಕಿವಿಯಣ್ಣ ಕಿಟಕಿ ಹಿಡಿದು ನಿಂತ. "ಅವತ್ತು ಯಾಕೆ ಅಳ್ತಿದ್ದೆ?"

ಅವಳು ಸ್ಟಿಯರಿಂಗ್ ನೋಡುತ್ತ ಹೇಳಿದಳು. "ಇದನ್ನ ಕೇಳೋಕೆ ಹತ್ತೊಂಬತ್ತು ದಿನ ಬೇಕಾಯ್ತಾ ನಿಮಗೆ? ಅಕ್ಕನ ಕಣ್ಣು ಹೋಗ್ತಿದೆ ರೀ. ಒಂದು ಆಗಲೇ ಹೋಯ್ತು. ಇನ್ನೊಂದರಲ್ಲಿ ಬರೀ ಬೆಳಕು ಕಾಣುತ್ತಂತೆ."

ಅವನ ತಲೆ ಅಭ್ಯಾಸಬಲದಿಂದ ಎಡಕ್ಕೆ ವಾಲಿತು. ಅವನೇ ಅದನ್ನು ನೆಟ್ಟಗೆ ಮಾಡಿಕೊಂಡ. ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಅದೂ ಮುಂದಿತ್ತು. ಮಂಡಿ ಗಲ್ಲಕ್ಕೆ ತಾಗಿತು. ಹಿಂದಕ್ಕೆ ಸರಿಸಿಕೊಳ್ಳಲಿಲ್ಲ.

"ಗ್ಯಾರೇಜು?" ಎಂದಳು.

"ಅಮ್ಮ ಇದಾಳೆ."

"ಅಕ್ಕನ ಮನೇಲಿ ನೀವು ರೋಗ ಹೇಳಬಾರದು."

"ಹೇಳಲ್ಲ."

ಅಂದು ಮಧ್ಯಾಹ್ನ ಬಂದ ಮೂವರು ಗಿರಾಕಿಗಳು ಚೌಕದಲ್ಲಿ ನಿಂತು ಕೂಗಿದರು. ತಾಯಿ ಸ್ಟೂಲಿನ ಮೇಲೆ ಕೂತು, ತಲೆ ವಾಲಿಸಿ, ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದಳು. ನಿಮ್ಮದು ಸ್ಕೂಟರು, ಎರಡು ಸಲ ಒದೀರಿ, ಸರಿಹೋಗುತ್ತೆ ಎಂದು ಮೂವರಿಗೂ ಹೇಳಿ ಕಳಿಸಿದಳು.