ಮಾಳಿಗೆ ನೋಡಿ ಕೊಂಡ ಮನೆ

ನಮ್ಮ ಮಲಗುವ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅರ್ಧಕ್ಕೆ ಬಂದು ಮಂಚದ ಕಾಲಿಗೆ ಬಡಿದು ನಿಂತುಬಿಡುತ್ತದೆ. ಮೊದಲೆಲ್ಲ ಆ ಅರ್ಧದಲ್ಲೇ ನಾನು ಸರಾಗವಾಗಿ ನುಸುಳುತ್ತಿದ್ದೆ. ಈಗ ಉಸಿರು ಒಳಗೆಳೆದುಕೊಂಡು, ಹೊಟ್ಟೆ ಎಂಬುದೊಂದು ಇದೆ ಎನ್ನುವುದನ್ನೇ ಮರೆತು, ಅಡ್ಡಡ್ಡವಾಗಿ ಹೋಗಬೇಕು. ಹೋದರೂ ನಿಲ್ಲಲು ನೆಲವಿಲ್ಲ. ಮೂರು ಕಡೆಯೂ ಮಂಚ ಗೋಡೆಗೆ ತಾಗಿದೆ. ಕಾಲ ಕಡೆಯಿಂದ ಹತ್ತಿ, ಅಂಬೆಗಾಲಿಟ್ಟು, ಗೋಡೆ ಬದಿಯ ನನ್ನ ಜಾಗ ಸೇರಬೇಕು. ಅರವತ್ತು ದಾಟಿದ ಗಂಡಸಿಗೆ ದಿನಕ್ಕೊಮ್ಮೆ ಕೂಸಾಗುವ ಭಾಗ್ಯ ಎಷ್ಟು ಮನೆಗಳಲ್ಲಿದೆ ಹೇಳಿ? ಆದರೂ ಈ ಬೇಸಿಗೆಯಲ್ಲಿ ನಾನು ಈ ಮನೆಯನ್ನು ಮಾರಲು ಹೊರಟಿದ್ದೆ. ಆ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ, ನಗುವುದಾದರೆ ಈಗಲೇ ನಕ್ಕುಬಿಡಿ. ಸೇಡಂನಲ್ಲಿ ನನ್ನದೊಂದು ಫರ್ಸಿ ಅಂಗಡಿ ಇತ್ತು. ಫರ್ಸಿ ಎಂದರೆ ಶಹಾಬಾದ, ವಾಡಿ, ಚಿತ್ತಾಪುರದ ಗಣಿಗಳಿಂದ ಬರುವ ನೆಲಹಾಸಿನ ಕಲ್ಲು. ಅಂಗಡಿಗೆ ಯಾರೇ ಬರಲಿ, ನನ್ನ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು, "ಖೋಲಿ ಅಳತಿ ತಂದೀರೇನ್ರಿ?" ತಂದಿಲ್ಲವೆಂದರೆ ನೀರು ಕುಡಿಸಿ ವಾಪಸು ಕಳಿಸುತ್ತಿದ್ದೆ. ಅಂದಾಜಿನ ಮೇಲೆ ಕಲ್ಲು ಕೊಡುವವನು ನಾನಲ್ಲ ಎಂದು ಊರಲ್ಲಿ ಹೆಸರಾಗಿತ್ತು. ಅರ್ಧ ಸೇಡಂನ ಕೋಣೆಗಳ ಉದ್ದಗಲ ನನಗೆ ಬಾಯಿಪಾಠ. ಇಂಥ ನಾನು ಸ್ವಂತಕ್ಕೆ ಮನೆ ಕೊಳ್ಳುವಾಗ ಮಲಗುವ ಕೋಣೆಯನ್ನು ಅಳೆಯಲಿಲ್ಲ. ಅಳೆಯುವ ಮಾತಿರಲಿ, ಅದರೊಳಗೆ ಕಾಲೂ ಇಡಲಿಲ್ಲ.

ತಪ್ಪು ನಮ್ಮ ಬಿಸಿಲಿನದು. ನಮ್ಮ ಕಡೆ ಮನೆ ಕೊಡುವ, ಕೊಳ್ಳುವ ಮಾತೆಲ್ಲ ಸುಗ್ಗಿ ಮುಗಿದ ಮೇಲೆ, ಯುಗಾದಿಯ ಆಚೆಗೇ ಆಗುವುದು. ಆ ಹೊತ್ತಿಗೆ ಬಿಸಿಲು ಹೇಗಿರುತ್ತದೆಂದರೆ, ಹಗಲು ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಹೊತ್ತು ಮುಳುಗುವಾಗ ಹೋಗಬೇಕು. ಹೋದವರನ್ನು ಒಳಗೆ ಕೂರಿಸಿದರೆ ಅದು ಮರ್ಯಾದೆಯಲ್ಲ, ಶಿಕ್ಷೆ. ಹಗಲೆಲ್ಲ ಕಾದ ಕಲ್ಲಿನ ಗೋಡೆ ಆಗ ಉಗುಳುವ ಝಳ ಅಂಥದ್ದು. ಆದ್ದರಿಂದ ಬಂದವರನ್ನು ನೇರ ಮಾಳಿಗೆಗೆ ಕರೆದೊಯ್ಯುತ್ತಾರೆ. ಮಾಳಿಗೆಯೆಂದರೆ ಮನೆಯ ಮೇಲಿನ ಬಯಲು. ಸಂಜೆಗೇ ಅಲ್ಲಿ ನಾಲ್ಕಾರು ಕೊಡ ನೀರು ಸುರಿದು ಕಲ್ಲಿನ ಕಾವು ಇಳಿಸಿರುತ್ತಾರೆ. ಜಮಖಾನೆ ಹಾಸಿರುತ್ತಾರೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ ಇಟ್ಟಿರುತ್ತಾರೆ. ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ ಬರುತ್ತದೆ, ಚಹಾ ಬರುತ್ತದೆ, ಕೊನೆಗೆ ಗಾಳಿಯೂ ಬರುತ್ತದೆ. ಆ ಗಾಳಿಗೆ ಮೈಯೊಡ್ಡಿಕೊಂಡು ಕೂತವನ ಬಾಯಲ್ಲಿ ಇಲ್ಲ ಎಂಬ ಮಾತು ಹೊರಡುವುದಾದರೂ ಹೇಗೆ?

ಮನೆ ಮಾರಿದ ಗುರುಲಿಂಗಪ್ಪನವರು ಒಳ್ಳೆಯ ಮನುಷ್ಯ. ಮಾಳಿಗೆಯ ಮೇಲೆ ನನ್ನನ್ನು ಕೂರಿಸಿ, ದಿಂಬು ಕೊಟ್ಟು, "ಒಂದೀಟು ಅಡ್ಡಾಗ್ರಿ, ಗಾಳಿ ಹ್ಯಾಂಗ ಬರ್ತದ ನೋಡ್ರಿ" ಎಂದರು. ಅಡ್ಡಾದೆ. ಮೇಲೆ ಒಂದೊಂದೇ ಚುಕ್ಕೆ ಮೂಡುತ್ತಿತ್ತು. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ದೀಪಗಳು ಹತ್ತಿಕೊಂಡವು. ಪಕ್ಕದ ಮಾಳಿಗೆಗಳಲ್ಲಿ ಹಾಸಿಗೆ ಕೊಡವುವ ಸದ್ದು, ಬಳೆ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯುವ ಸದ್ದು. ನಾನು ಅಲ್ಲೇ, ಮಲಗಿದಲ್ಲೇ, ಮನೆ ಕೊಂಡುಬಿಟ್ಟೆ. ಗುರುಲಿಂಗಪ್ಪನವರು ಪಾಪ, "ಖೋಲಿ ತೆಳಗ ಅದ, ಹೋಗೋವಾಗ ನೋಡ್ಕೊಂಡು ಹೋಗ್ರಿ" ಎಂದೂ ಹೇಳಿದ್ದರು. ನಾವು ಇಳಿದಾಗ ಕರೆಂಟು ಹೋಗಿತ್ತು. ಬಾಗಿಲಲ್ಲಿ ತಲೆ ಹಾಕಿದೆ, ಒಳಗೆ ಕತ್ತಲು. ಕತ್ತಲೆಗೆ ಉದ್ದಗಲ ಎಲ್ಲಿಯದು? ಅರಮನೆಯಂತೆ ಕಂಡಿತು.

ಮೊದಲ ಮಳೆ ಬಿದ್ದಾಗ ಗುಟ್ಟು ರಟ್ಟಾಯಿತು. ನನ್ನ ಹೆಂಡತಿ ಮಹಾದೇವಿಯ ತವರು ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಮಗ್ಗುಲು. ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು ಸಾಗವಾನಿಯ ಮಂಚ. ಕಾಡಿನವರ ಔದಾರ್ಯ ನೋಡಿ, ಅದರಲ್ಲಿ ಒಂದು ಸಂಸಾರವೇ ಮಲಗಬಹುದು. ಬೇಸಿಗೆಯೆಲ್ಲ ಅಂಗಳದಲ್ಲಿ ಬಿದ್ದಿದ್ದ ಮಂಚವನ್ನು ಮಳೆಗೆ ಹೆದರಿ ಒಳಗೆ ತರಬೇಕಾಯಿತು. ಬಾಗಿಲಲ್ಲಿ ಹಿಡಿಸದೆ, ಬಡಿಗ ಅದನ್ನು ಬಿಚ್ಚಿ ಕೋಣೆಯೊಳಗೇ ಜೋಡಿಸಿದ. ಜೋಡಿಸಿದ ಮೇಲೆ ಅವನು ಹೊರಗೆ ಬರುವುದೇ ಕಷ್ಟವಾಯಿತು. ಮಹಾದೇವಿ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ಖೋಲಿ ಅಲ್ರಿ, ಮಂಚಕ್ಕ ಹೊಲಿಸಿದ ಅಂಗಿ" ಎಂದಳು. ಊರವರನ್ನೆಲ್ಲ ಅಳತೆ ಕೇಳುತ್ತಿದ್ದ ಗಂಡನಿಗೆ ಅದಕ್ಕಿಂತ ಹೆಚ್ಚು ಏನನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹಾಗೆ ನೋಡಿದರೆ, ಮಲಗುವುದಕ್ಕೆಂದೇ ಒಂದು ಕೋಣೆ ನಮ್ಮ ಕಡೆಗೆ ತಡವಾಗಿ ಬಂದ ನೆಂಟ. ನನ್ನ ಅಜ್ಜಿಯ ಮನೆಯಲ್ಲಿ ದೇವರಿಗೊಂದು ಕೋಣೆ, ಜೋಳಕ್ಕೊಂದು ಕೋಣೆ ಇದ್ದವು. ಮನುಷ್ಯರು ಪಡಸಾಲೆಯಲ್ಲಿ ಎಲ್ಲೆಲ್ಲಿ ನಿದ್ದೆ ಬಂತೋ ಅಲ್ಲಲ್ಲಿ ಉರುಳುತ್ತಿದ್ದರು. ಒಮ್ಮೆ ಸನ್ನತಿಗೆ ಹೋದಾಗ ಚಂದ್ರಲಾಂಬೆಯ ದರ್ಶನ ಮುಗಿಸಿ, ಭೀಮೆಯ ದಂಡೆಯಲ್ಲಿ ಅಗೆದು ತೆಗೆದ ಬೌದ್ಧರ ಸ್ತೂಪ ನೋಡಲು ಹೋಗಿದ್ದೆ. ಅಲ್ಲಿದ್ದವರೊಬ್ಬರನ್ನು "ಇದರೊಳಗ ಖೋಲಿ ಎಷ್ಟು ಇದ್ದವ್ರಿ?" ಎಂದು ಕೇಳಿದೆ, ಅಂಗಡಿಯ ಚಟ. ಸ್ತೂಪಕ್ಕೆ ಒಳಗೇ ಇರುವುದಿಲ್ಲ, ಅದು ಗಟ್ಟಿ, ಭಕ್ತರು ಹೊರಗಿನಿಂದ ಸುತ್ತು ಬರುತ್ತಿದ್ದರು ಎಂದು ಅವರು ತಿಳಿಸಿದರು. ನನಗೆ ಥಟ್ಟನೆ ನಮ್ಮ ಕೋಣೆ ನೆನಪಾಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದೂ ಕೋಣೆಯಿಲ್ಲದೆ ಜನ ಶಾಂತಿ ಕಂಡರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಂದೇ ವ್ಯತ್ಯಾಸ, ಅವರು ಸುತ್ತು ಬರಬಹುದಿತ್ತು, ನಮ್ಮ ಮಂಚಕ್ಕೆ ಅದೂ ಸಾಧ್ಯವಿಲ್ಲ.

ಕೋಣೆ ಚಿಕ್ಕದಾದರೆ ಕನಸೂ ಚಿಕ್ಕದಾಗುತ್ತದೆಯೇ? ನನ್ನ ಅನುಭವದಲ್ಲಿ ಹೌದು. ಆ ಕೋಣೆಯಲ್ಲಿ ನನಗೆ ಬೀಳುವುದೆಲ್ಲ ರೈಲಿನ ಕನಸು. ಮೇಲಿನ ಬರ್ತಿನಲ್ಲಿ ಮಲಗಿದ್ದೇನೆ, ವಾಡಿ ಜಂಕ್ಷನ್ ಬಂದಿದೆ, ಇಳಿಯಬೇಕು, ಕಾಲಿಡಲು ಜಾಗವಿಲ್ಲ. ಎಚ್ಚರಾದರೆ ಎದುರಿಗೆ ಗೋಡೆ. ಮಾಳಿಗೆಯ ಕನಸುಗಳೇ ಬೇರೆ. ಅಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ಬಾಗಿಲೇ ಇರುವುದಿಲ್ಲ. ಚುಕ್ಕೆ ನೋಡುತ್ತ ನೋಡುತ್ತ ಕಣ್ಣು ಮುಚ್ಚಿದರೂ ಚುಕ್ಕೆಗಳು ಉಳಿದಿರುತ್ತವೆ. ಮನೆ ಮೆಲ್ಲಗೆ ನೆಲ ಬಿಟ್ಟು, ತೊಗರಿ ಹೊಲಗಳ ಮೇಲೆ, ಕಾಗಿಣಾ ನದಿಯ ಮೇಲೆ ತೇಲುತ್ತ ಹೊರಟಂತೆ. ಪಕ್ಕದಲ್ಲಿ ಮಹಾದೇವಿ, ಕೌದಿಯ ಅಂಚನ್ನು ಕೈಯಲ್ಲಿ ಹಿಡಿದುಕೊಂಡು, ಪಕ್ಕದ ಮಾಳಿಗೆಯ ಶಾಂತಮ್ಮನ ಜೊತೆ ಅರ್ಧ ಕನಸಿನಲ್ಲೇ ಮಾತಾಡುತ್ತಿರುತ್ತಿದ್ದಳು. ವರ್ಷದಲ್ಲಿ ಮಳೆಯ ದಿನ, ಚಳಿಯ ದಿನ ಬಿಟ್ಟರೆ ನಾವು ಬದುಕಿದ್ದು ಅಲ್ಲೇ. ಕೋಣೆ ಚಿಕ್ಕದೆಂಬುದು ಹಾಗಾಗಿ ನಮ್ಮನ್ನು ಹೆಚ್ಚು ಕಾಡಲಿಲ್ಲ.

ಕಾಡಿದ್ದು ಮಹಾದೇವಿಯ ಮೊಣಕಾಲು ಕೈಕೊಟ್ಟ ಮೇಲೆ. ನಮ್ಮ ಮೆಟ್ಟಿಲುಗಳು ಅಂಗಳದಿಂದ ಕಡಿದಾಗಿ ಏರುತ್ತವೆ, ಪಕ್ಕಕ್ಕೆ ಹಿಡಿಕೆಯಿಲ್ಲ. ಹೋದ ಬೇಸಿಗೆಯಿಂದ ಅವಳು ಮಾಳಿಗೆ ಹತ್ತಿರಲಿಲ್ಲ. ಅವಳಿಲ್ಲದೆ ನಾನು ಮೇಲೆ ಮಲಗಿ ನೋಡಿದೆ, ಆಕಾಶ ಬರೀ ಆಕಾಶವಾಗಿತ್ತು. ಇಳಿದು ಬಂದು ಮಂಚವೇರಿದೆ. ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿತ್ತು. ಇಬ್ಬರೂ ಬೆವೆತು, ಪಕ್ಕಕ್ಕೆ ತಿರುಗಲೂ ಇನ್ನೊಬ್ಬರ ಅಪ್ಪಣೆ ಕೇಳುತ್ತ ಬಿದ್ದುಕೊಂಡೆವು. ಆಗಲೇ ನನಗೆ ಈ ಮನೆ ನಮಗಿನ್ನು ಹಿಡಿಸುವುದಿಲ್ಲ ಅನ್ನಿಸಿದ್ದು. ತಪ್ಪು ಮಾಡಿದವನು ಕೊಂಡವನು, ಮಾರಿದವನಲ್ಲ, ಮನೆಯಂತೂ ಅಲ್ಲವೇ ಅಲ್ಲ. ಅದು ಇದ್ದಷ್ಟೇ ಇದೆ, ಬೆಳೆದದ್ದು ನಾವು. ಹಾಗಾದರೆ ಸರಿಪಡಿಸಬೇಕಾದವನೂ ನಾನೇ. "ಮಾರಿಬಿಡಮು, ದೊಡ್ಡ ಖೋಲಿ ಇರೋ ಮನಿ ನೋಡಮು" ಎಂದೆ. ಮಹಾದೇವಿ ರೊಟ್ಟಿ ಬಡಿಯುತ್ತ, "ಆತು, ನೀವಂದಂಗ" ಎಂದಳು.

ಮನೆ ನೋಡಲು ವಾಡಿಯಿಂದ ಗಂಡ ಹೆಂಡತಿ ಬಂದರು. ಹುಡುಗನಿಗೆ ರೈಲ್ವೆಯಲ್ಲಿ ನೌಕರಿ, ಹುಡುಗಿಯ ಹೆಸರು ಭಾಗ್ಯ. ಬಂದದ್ದು ಯಾವಾಗ ಎನ್ನುತ್ತೀರಿ? ಯುಗಾದಿ ಆದ ಮೇಲೆ, ಹೊತ್ತು ಮುಳುಗುವಾಗ. ನಾನು ಆಗಲೇ ನೀರು ಸುರಿದು, ಜಮಖಾನೆ ಹಾಸಿ, ಹೂಜಿ ಇಟ್ಟಿದ್ದೆ. ಇದು ಮೋಸ ಎಂದು ನನಗೆ ಹೊಳೆಯಲೇ ಇಲ್ಲ, ಅತಿಥಿ ಸತ್ಕಾರ ಅಂದುಕೊಂಡಿದ್ದೆ. ಹುಡುಗ ಮೇಲೆ ಬಂದವನೇ ಎರಡೂ ತೋಳು ಚಾಚಿ ನಿಂತ. "ಗಾಳಿ ಭಾಳ ಛಲೋ ಬರ್ತದಲ್ರಿ ಕಾಕಾ!" ಅಂದ. ಆ ಮುಖ ನನಗೆ ಗೊತ್ತಿತ್ತು. ಬಹಳ ವರ್ಷಗಳ ಹಿಂದೆ ಅದೇ ಜಾಗದಲ್ಲಿ ಮಲಗಿದ್ದ ಫರ್ಸಿ ವ್ಯಾಪಾರಿಯ ಮುಖ ಅದು. "ಖೋಲಿ ತೆಳಗ ಅದ, ಹೋಗೋವಾಗ ನೋಡ್ಕೊಂಡು ಹೋಗ್ರಿ" ಎಂದೆ. ಹೇಳಿದ ಮೇಲೆ, ಇದು ಗುರುಲಿಂಗಪ್ಪನವರ ಮಾತಲ್ಲವೇ ಎಂದು ಬೆಚ್ಚಿದೆ.

ಅಂಗಳಕ್ಕೆ ಇಳಿದಾಗ ಮಹಾದೇವಿ ಎಲ್ಲ ದೀಪ ಹಾಕಿಕೊಂಡು ಕಾಯುತ್ತಿದ್ದಳು. "ಯವ್ವಾ, ಚಹಾ ಆಮ್ಯಾಲ ಕುಡೀಮು. ಮೊದಲ ಈ ಖೋಲ್ಯಾಗ ಬಾ. ಬಾಗಿಲ ಹಾಕ್ಕೊಂಡು ಒಂದೀಟು ಮಲ್ಕೊಂಡು ನೋಡು" ಎಂದು ಭಾಗ್ಯಳ ಕೈ ಹಿಡಿದು ಒಳಗೆ ನುಸುಳಿಸಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಇಬ್ಬರದೂ ನಗು ಕೇಳಿಸಿತು. ಹೊರಗೆ ಬಂದ ಹುಡುಗಿಯ ಹಣೆಯ ಮೇಲೆ ಬೆವರು.

"ಅಮ್ಮಾರ, ನಮ್ಮತ್ತಿ ನಮ್ಮ ಕೂಡೇ ಇರ್ತಾರ್ರಿ," ಎಂದಳು ಸಂಕೋಚದಿಂದ. "ಅವರಿಗೂ ಮೊಳಕಾಲ ನೋವು ಅದ. ಮ್ಯಾಲ ಏರಾಕ ಆಗಂಗಿಲ್ರಿ. ಮಾಳಗಿ ನೋಡಿ ನಾನೂ ಮರ್ತೇ ಬಿಟ್ಟಿದ್ದೆ."

ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಅವರು ಹೊರಟರು. ಹುಡುಗ ಮಾತ್ರ ಅಂಗಳದಿಂದ ಒಮ್ಮೆ ಮೇಲೆ ತಲೆಯೆತ್ತಿ ನೋಡಿ ಹೋದ. ನನಗೆ ಸಿಟ್ಟು ಬಂದಿತ್ತು, ಅದರ ಕೆಳಗೆ ಏನೋ ಹಗುರವೂ ಆಗಿತ್ತು. ಎರಡರಲ್ಲಿ ಸಿಟ್ಟನ್ನೇ ಆರಿಸಿಕೊಂಡು, "ಮನಿ ನೋಡಾಕ ಬಂದವರಿಗಿ ಯಾರರ ಹಿಂಗ ತೋರಸ್ತಾರೇನು?" ಎಂದೆ.

"ನೀವು ಮ್ಯಾಲಿಂದು ತೋರಿಸಿದ್ರಿ, ನಾ ತೆಳಗಿಂದು ತೋರಿಸಿದೆ" ಎಂದಳು ಮಹಾದೇವಿ. ಆಮೇಲೆ, "ಅವತ್ತು ಗುರುಲಿಂಗಪ್ಪ ನಿಮಗ ಹಿಂಗೇ ತೋರಿಸಿದ್ರ ನೀವು ಮನಿ ಬಿಡ್ತಿದ್ರೇನು?" ಎಂದು ಕೇಳಿದಳು.

ನಾನು ಯೋಚಿಸಿದೆ. ಕರೆಂಟು ಇದ್ದಿದ್ದರೆ, ಕೋಣೆ ಅಳೆದಿದ್ದರೆ, ಮಂಚ ತಂದು ಇಟ್ಟೇ ನೋಡಿದ್ದರೆ? ಇಲ್ಲ, ಆಗಲೂ ಕೊಳ್ಳುತ್ತಿದ್ದೆ. "ಬಿಡ್ತಿದ್ದಿಲ್ಲ" ಎಂದೆ.

"ನಾನೂ ಬಿಡ್ತಿದ್ದಿಲ್ಲ. ಈಗರ ಬಿಡಾಕ ನನಗೆಲ್ಲಿ ಮನಸದ? ನೀವು ಮಾರಮು ಅಂದ್ರಿ, ಆತು ಅಂದೆ. ಕೇಳಿದ್ರೇನು ನನ್ನ?"

ಕೇಳಿರಲಿಲ್ಲ. ಕೋಣೆಯನ್ನು ಅಳೆಯದವನು ಹೆಂಡತಿಯ ಮನಸ್ಸನ್ನೂ ಅಳೆಯದೆ ಮತ್ತೊಂದು ವ್ಯವಹಾರಕ್ಕೆ ಕೈ ಹಾಕಿದ್ದ. ಕೊಳ್ಳುವವನ ಜವಾಬ್ದಾರಿ ಕೊಳ್ಳುವ ದಿನಕ್ಕೆ ಮುಗಿಯುತ್ತದೆಂದು ನಾನು ತಿಳಿದದ್ದೇ ತಪ್ಪು. ಕೊಂಡದ್ದನ್ನು ಮತ್ತೆ ಮತ್ತೆ ನೋಡುತ್ತಿರಬೇಕು, ಮನೆಯನ್ನೂ, ಮನೆಯಲ್ಲಿರುವವರನ್ನೂ. ಪಡಸಾಲೆಯಲ್ಲಿ ಅಷ್ಟು ಜಾಗ ಬಿದ್ದಿದೆ, ಮಂಚವನ್ನು ಅಲ್ಲಿಗೆ ತಂದರೆ ಯಾರು ಬೇಡವೆನ್ನುತ್ತಾರೆ? ಕೋಣೆ ಜೋಳದ ಚೀಲಗಳಿಗಾಗುತ್ತದೆ. ಅಜ್ಜಿಯ ಮನೆಯ ಈ ಲೆಕ್ಕ ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

"ಇನ್ನ ಮಾಳಗಿ?" ಎಂದೆ.

ಮಹಾದೇವಿ ಎದ್ದು ಅಂಗಳಕ್ಕೆ ನಡೆದಳು. ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ, ಅದರ ಮೇಲೆ ಕುಳಿತುಕೊಂಡಳು. ಎರಡೂ ಕೈ ಊರಿ ಮೈ ಎತ್ತಿ ಮೇಲಿನ ಮೆಟ್ಟಿಲಿಗೆ ಸರಿದಳು, ಅಲ್ಲಿ ಕುಳಿತು ಉಸಿರಾಡಿದಳು, ಮತ್ತೆ ಸರಿದಳು. ಈಗ ಗಂಡನ ಮನೆಯಲ್ಲಿರುವ ನಮ್ಮ ಮಗಳು ನಡೆಯಲು ಕಲಿಯುವ ಮುಂಚೆ ಹೀಗೇ ಕೂತಲ್ಲೇ ಸರಿಯುತ್ತಿದ್ದಳು. ನಾನು ದಿಂಬು ಕಂಕುಳಲ್ಲಿಟ್ಟುಕೊಂಡು ಕೆಳಗಿನಿಂದ ಕೈಯೊಡ್ಡಿ ಹಿಂಬಾಲಿಸಿದೆ. "ಹಿಡೀಬ್ಯಾಡ್ರಿ, ನಗು ಬರ್ತದ" ಎಂದಳು. ಕೂಸಾಗುವ ಭಾಗ್ಯ ನನ್ನೊಬ್ಬನದೇ ಎಂದುಕೊಂಡಿದ್ದೆನಲ್ಲ, ಆ ಹೆಮ್ಮೆಯೂ ಹೋಯಿತು.

ಮೇಲೆ ತಲುಪಿದಾಗ ಪಕ್ಕದ ಮಾಳಿಗೆಯಿಂದ ಶಾಂತಮ್ಮ ಕೂಗಿದಳು, "ಏ ಮಹಾದೇವಿ, ಬಂದಿ ಏನ ನಮ್ಮವ್ವಾ! ನೀ ಇಲ್ದ ಮಾತೇ ಇದ್ದಿಲ್ಲ ನೋಡು ಇಲ್ಲಿ." ಮಹಾದೇವಿ ವಾಡಿಯವರಿಗೆಂದು ಹಾಸಿದ್ದ ಜಮಖಾನೆಯ ಮೇಲೆ ಕಾಲು ಚಾಚಿ ಮಲಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತೇವವಾಯಿತು, ಮುಚ್ಚಿಡುವುದೇನಿದೆ. ಕಲ್ಲು ತಣ್ಣಗಿತ್ತು. ಗಾಳಿ ಬಂತು. ಮೇಲೆ ಚುಕ್ಕೆಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು, ಮನೆ ಮೆಲ್ಲಗೆ ನೆಲ ಬಿಡಲು ಸಿದ್ಧವಾಯಿತು.

ಆಗ ನನಗೆ ಗಾಬರಿಯಾಯಿತು. "ಅಲ್ಲಾ, ತೆಳಗ ಇಳಿಯೋದು ಹ್ಯಾಂಗ?" ಎಂದೆ.

ಮಹಾದೇವಿ ಆಕಾಶದಿಂದ ಕಣ್ಣು ತೆಗೆಯದೆ ಹೇಳಿದಳು: "ಮನಿ ತಗೋವಾಗ ತೆಳಗಿಂದು ಕೇಳಿದ್ರೇನು? ಈಗ್ಯಾಕ ಕೇಳ್ತೀರಿ, ಸುಮ್ಮ ಮಲ್ಕೋರಿ."