ಸೂಜಿಗೆ ಹೆದರಿದ ನಂಜಕ್ಕ

ನಮ್ಮ ನಂಜಕ್ಕ ದೂರವನ್ನು ಮೈಲಿಯಲ್ಲಿ ಹೇಳಿದವಳಲ್ಲ, ಊಟದಲ್ಲಿ ಹೇಳುತ್ತಿದ್ದಳು. ಚನ್ನರಾಯಪಟ್ಟಣದಿಂದ ಹಾಸನ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ, "ಅದೇನ್ ದೂರ? ಒಟ್ಟೆ ಅಸಿಯೋಕ್ ಮುಂಚೆ ಓಗ್ಬುಡ್ತೀಯ" ಅನ್ನುವಳು. ಬೆಂಗಳೂರು ಒಂದು ಹೊತ್ತು. ಧರ್ಮಸ್ಥಳ ಎರಡು ಹೊತ್ತು. "ಘಾಟಿನಲ್ಲಿ ವಾಂತಿ ಆದ್ರೆ ಒಂದೇ ಹೊತ್ತು, ಆಮ್ಯಾಕೆ ಯಾರ್ಗೂ ಊಟ ಬ್ಯಾಡ" ಅಂತ ಸೇರಿಸುವಳು.

ಬಸ್ಸುಗಳು ನಿಲ್ಲುವ ಕಡೆ ಅವಳದೂ ಭಾವನದೂ ಒಂದು ಸಣ್ಣ ಮುದ್ದೆ ಹೋಟೆಲು. ದೂರ ಹೋಗುವವರಿಗೆ ಬುತ್ತಿ ಕಟ್ಟಿಕೊಡುವುದರಲ್ಲಿ ಅಕ್ಕನ ಕೈ ಹೆಸರುವಾಸಿ. ಬೇಗ ಹಳಸುವುದು ಮೇಲೆ, ತಡೆಯುವುದು ಕೆಳಗೆ. ಮೊದಲ ಹೊತ್ತಿಗೆ ಚಿತ್ರಾನ್ನ, ಆಮೇಲೆ ರೊಟ್ಟಿ ಚಟ್ನಿಪುಡಿ, ಕೊನೆಗೆ ಬೆಲ್ಲ ಕಲಸಿದ ಹುರಿಹಿಟ್ಟು. ಬುತ್ತಿಯ ಜೊತೆಗೆ ಒಂದು ಗೋಣಿ ದಾರ ಕೊಡುವಳು. ಎಷ್ಟು ಹೊತ್ತಿನ ಊಟವೋ ಅದಕ್ಕೆ ಅಷ್ಟು ಗಂಟು. "ಒಂದ್ ಪೊಟ್ಟಣ ಬಿಚ್ಚಿದ್ರೆ ಒಂದ್ ಗಂಟು ಬಿಚ್ಚು. ಗಂಟು ಮುಗುದ್ರೆ ಊರು ಬಂತು ಅಂತ ತಿಳ್ಕೊ." ಅವಳಿಗೆ ಓದು ಬರುತ್ತಿರಲಿಲ್ಲ. ಅವಳ ಟೈಂ ಟೇಬಲ್ಲು ಆ ದಾರವೇ. ಹಾಗೆ ಊರವರನ್ನೆಲ್ಲ ಕಳಿಸಿಕೊಟ್ಟವಳು ತಾನು ಮಾತ್ರ ಹಾಸನದಿಂದ ಆಚೆಗೆ ಕಾಲಿಟ್ಟಿರಲಿಲ್ಲ.

ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಗೆ ಮುಂಚೆ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ನಾನು ಅವಳಿಗೆ ಊಟ ತೆಗೆದುಕೊಂಡು ಹೋದಾಗ ಕೈ ಜಾರಿ ದಬ್ಬಳ ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಆಚೆ ಕಡೆ ಮೂಡಿತು. ಅಕ್ಕ ಕಿರುಚಲಿಲ್ಲ. ಸುತ್ತ ಯಾರಾದರೂ ನೋಡಿದರೇನೋ ಎಂದು ಕಣ್ಣಾಡಿಸಿ, ಹಲ್ಲು ಕಚ್ಚಿ ಅದನ್ನು ತಾನೇ ಎಳೆದುಕೊಂಡಳು. ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಒತ್ತಿ, ಅದೇ ದಬ್ಬಳದಲ್ಲಿ ಮುಂದಿನ ಚೀಲ ಹೊಲಿದಳು. "ಅವ್ವಂಗೆ ಹೇಳ್ಬ್ಯಾಡ ಕಣ್ಲಾ, ಸುಮ್ಕೆ ಗಾಬ್ರಿ ಬೀಳ್ತಾಳೆ" ಅಂದಳು. ನಾನು ಹೇಳಲಿಲ್ಲ. ಅದನ್ನು ಕಂಡವನು ನಾನೊಬ್ಬನೇ. ಬಾಯಿ ಮುಚ್ಚಿಕೊಂಡಿರುವುದನ್ನು ಅವತ್ತು ಕಲಿತೆನೋ ಏನೋ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ನಮ್ಮ ಮನೆಯಲ್ಲಿ ಓದಿದವನು ನಾನೇ. ದೊಡ್ಡವನಾದ ಮೇಲೆ ಅದೇ ಮಂಡಿಯಲ್ಲಿ ಚೀಲಗಳ ಮೇಲೆ ಕಪ್ಪು ಬಣ್ಣದಲ್ಲಿ ವ್ಯಾಪಾರಿಗಳ ಗುರುತು ಬರೆಯುವ ಕೆಲಸ ಸಿಕ್ಕಿತು. ಗುರುತುಗಳು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತಿದ್ದವು. ಅಕ್ಷರಗಳ ಆಕಾರ ನನಗೆ ಚೆನ್ನಾಗಿ ಕೂತಿತ್ತು. ಅವು ಕೂಡಿ ಯಾವ ಮಾತಾಗುತ್ತವೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಆದರೆ ಅಕ್ಕ ಹೋಟೆಲಿಗೆ ಬಂದವರಿಗೆಲ್ಲ, "ನಮ್ಮ ಚಿಕ್ಕ ಇಂಗ್ಲೀಸು ಬರೀತಾನೆ ಕಣಪ್ಪ" ಅನ್ನುವಳು. ನಾನು ಒಂದು ಸಲವೂ ಅಲ್ಲ ಅನ್ನಲಿಲ್ಲ. ಮಂಡಿಯ ಸಾಹುಕಾರರೂ ಹಾಗೇ ನಂಬಿದ್ದರು.

ಆ ವರ್ಷ ಅವ್ವನ ಕಣ್ಣು ಮಂಜಾಯಿತು. ಹಾಸನದ ಡಾಕ್ಟರು, ಇದು ಪೊರೆಯಲ್ಲ, ಒಳಗೆ ನರ ಒಣಗುತ್ತಿದೆ, ಇನ್ನೊಂದು ವರ್ಷ ಬೆಳಕು ಇದ್ದರೆ ಹೆಚ್ಚು ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ, ಶಾಂತಿಗ್ರಾಮ ದಾಟಿದ ಮೇಲೆ ಅಕ್ಕ ಕೇಳಿದಳು: "ಅವ್ವ, ನಿಂಗೇನ್ ನೋಡ್ಬೇಕು?"

ಅವ್ವ ಅಂದಳು: "ಆ ರಾಮೇಸ್ವರ ಅಂತಾರಲ್ಲ, ನಾಕೂ ಕಡೆ ನೀರಂತೆ. ನಾಕೂ ಕಡೆ ನೀರಿದ್ರೆ ಭೂಮಿ ಎಂಗೆ ನಿಂತದೆ? ಅದೊಂದ್ ನೋಡ್ಬೇಕು."

ಅವತ್ತಿನಿಂದ ಹೋಟೆಲಿನಲ್ಲಿ ಬೇರೆ ಮಾತಿಲ್ಲ. ಎರಡು ಬಸ್ಸುಗಳ ನಡುವೆ ಬಿಡುವಾದಾಗ ಅಕ್ಕ ಹಲಗೆಯ ಮೇಲೆ ರಾಗಿ ಹಿಟ್ಟು ಚೆಲ್ಲಿ ಬೆರಳಿನಲ್ಲಿ ದ್ವೀಪ ಬರೆಯುವಳು. ರಾಮನಾಥಪುರದ ತಂಬಾಕು ವ್ಯಾಪಾರದ ಗುಮಾಸ್ತರೊಬ್ಬರು ರಾಮೇಶ್ವರಕ್ಕೆ ಹೋಗಿಬಂದಿದ್ದರು. ಅವರನ್ನು ಕೂರಿಸಿಕೊಂಡು ಪೊಲೀಸಿನವರ ಹಾಗೆ ಕೇಳಿದಳು. ರೈಲು ಸಮುದ್ರದ ಮೇಲಿನ ಸೇತುವೆ ದಾಟುವುದು ಹಗಲೋ ಇರುಳೋ? ಕಿಟಕಿ ಯಾವ ಕಡೆ ಹಿಡಿಯಬೇಕು? ಮಲಗೋಕೆ ಛತ್ರ ಉಂಟೋ? ಕೊನೆಗೆ ಐದು ದಿನದ ಲೆಕ್ಕ ಹಾಕಿದಳು. ಮೊದಲನೆಯ ದಿನ ಸುಮ್ಮನೆ ದಂಡೆಯಲ್ಲಿ ಕೂರುವುದು. ಎರಡನೆಯ ದಿನ ದೇವಸ್ಥಾನ. ಮೂರಕ್ಕೆ ದೇವಸ್ಥಾನದ ತೀರ್ಥದ ಬಾವಿಗಳ ಸ್ನಾನ. ನಾಲ್ಕಕ್ಕೆ ದ್ವೀಪದ ತುದಿಯ ಊರು, ಅಲ್ಲಿ ಎರಡು ಸಮುದ್ರ ಕೂಡುವುದನ್ನು ನೋಡುವುದು. ಐದನೆಯ ದಿನ ಕವಡೆ, ಶಂಖ, ಸಾಮಾನು.

ಭಾವನಿಗೆ ಅಕ್ಕನನ್ನು ಕೆಣಕದಿದ್ದರೆ ಊಟ ಸೇರುತ್ತಿರಲಿಲ್ಲ. "ಅಲ್ಲ ಕಣೇ, ಅಷ್ಟ್ ದೂರ ಓಗಿ ಮೊದಲ್ನೆ ದಿನ ದೇವ್ರಿಗಿಲ್ವಾ? ಈಸ್ವರ ಮುನಿಸ್ಕೊಂಡಾನು."

"ದೇವ್ರು ಎಲ್ಲೋಗ್ತಾನೆ? ಓಗೋದು ಅವ್ವನ ಕಣ್ಣು. ಮೊದ್ಲು ನೀರು."

ಗುಮಾಸ್ತರು ಛತ್ರದ ವಿಳಾಸ ಬರೆದುಕೊಟ್ಟರು. ಅಕ್ಕ ಹೇಳಿದಂತೆ ನಾನು ಕನ್ನಡದಲ್ಲಿ ಕಾಗದ ಬರೆದೆ. ನಾಲ್ಕು ಜನ ಬರುತ್ತೇವೆ, ಕೋಣೆ ಬೇಕು, ಏನೇನು ತರಬೇಕು ತಿಳಿಸಿ ಎಂದು. ಅಲ್ಲಿ ಯಾರೋ ಕನ್ನಡದ ಯಾತ್ರಿಕರು ಓದಿ ಹೇಳಿರಬೇಕು, ಮೂರು ವಾರಕ್ಕೆ ಉತ್ತರ ಬಂತು. ಕಾರ್ಡಿನ ತುಂಬ ಇಂಗ್ಲಿಷು.

ಹೋಟೆಲಿನಲ್ಲಿ ಡ್ರೈವರುಗಳು ಊಟಕ್ಕೆ ಕೂತಿದ್ದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಕಾರ್ಡನ್ನು ನನಗೆ ಕೊಟ್ಟಳು. "ಓದ್ಲಾ ಚಿಕ್ಕ, ಜೋರಾಗಿ ಓದು."

ನನಗೆ ಅದರಲ್ಲಿ ಗೊತ್ತಾದದ್ದು ಒಂದೇ, ನಡುವೆ ಇದ್ದ 10 ಎಂಬ ಅಂಕಿ. ಎಲ್ಲರೂ ತುತ್ತು ಬಿಟ್ಟು ನನ್ನ ಮುಖ ನೋಡುತ್ತಿದ್ದರು. "ಹತ್ತನೇ ತಾರೀಕಿಂದ ಕೋಣೆ ಕೊಡ್ತೀವಿ, ಸಂತೋಷವಾಗಿ ಬನ್ನಿ ಅಂತ ಬರ್ದವ್ರೆ" ಅಂದುಬಿಟ್ಟೆ.

"ಇಷ್ಟುದ್ದ ಬರ್ದಿರೋದು ಅಷ್ಟೇನಾ?" ಅಂದ ಭಾವ.

"ಇಂಗ್ಲಿಷಿನಲ್ಲಿ ಉದ್ದ ಆಯ್ತದೆ ಭಾವ."

ಎಲ್ಲರೂ ನಕ್ಕರು. ಅಕ್ಕ ಕಾರ್ಡನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಆ ಸಂಜೆಯೇ ದಾರ ತೆಗೆದು ಗಂಟು ಹಾಕಿದಳು. ಹೋಗುವುದಕ್ಕೆ ಐದು ಸಣ್ಣ ಗಂಟು, ದ್ವೀಪದ ಐದು ದಿನಕ್ಕೆ ಐದು ದಪ್ಪ ಗಂಟು, ಬರುವುದಕ್ಕೆ ಐದು ಸಣ್ಣವು.

ಹೊರಡುವುದಕ್ಕೆ ಇನ್ನೂ ಹದಿನೈದು ದಿನವಿತ್ತು. ಒಂದು ದಿನ ಧೈರ್ಯ ಮಾಡಿ, "ಅಕ್ಕ, ಆ ಕಾರ್ಡು ಕೊಡು, ಇನ್ನೊಂದ್ಸಲ ನೋಡ್ತೀನಿ" ಅಂದೆ.

"ಯಾಕ್ಲಾ, ಸರ್ಯಾಗಿ ಓದ್ಲಿಲ್ವಾ?" ಅಂತ ನಗುತ್ತಲೇ ಕೊಟ್ಟಳು. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರ ಮನೆಗೆ ಹೋದೆ. ಜಗಲಿಯ ಮೇಲೆ ನನ್ನ ಸಾಹುಕಾರರು ಕೂತಿದ್ದರು. "ಏನಯ್ಯ ಇಂಗ್ಲಿಷ್ ಪಂಡಿತ, ಇತ್ತ ಕಡೆ?" ಅಂದರು. "ಸುಮ್ನೆ ಬಂದೆ ಸಾ" ಅಂದು ಜೇಬಿನ ಮೇಲೆ ಕೈಯಿಟ್ಟುಕೊಂಡು ವಾಪಸು ಬಂದೆ. ಕಾರ್ಡನ್ನು ಅಕ್ಕನಿಗೆ ಕೊಟ್ಟು, "ಸರಿಯಾಗೇ ಅದೆ" ಅಂದೆ. ಮೊದಲನೆಯ ಸುಳ್ಳನ್ನು ಅಂಜಿ ಹೇಳಿದ್ದೆ. ಇದನ್ನು ಗೊತ್ತಿದ್ದೇ ಹೇಳಿದೆ.

ಹೊರಟೆವು. ಬೆಂಗಳೂರಿನಲ್ಲಿ ರೈಲು ಹತ್ತಿದೆವು, ತಿರುಚಿನಾಪಳ್ಳಿಯಲ್ಲಿ ಬದಲಾಯಿಸಿದೆವು. ಅಕ್ಕ ಅವ್ವನನ್ನು ಕಿಟಕಿಗೆ ಕೂರಿಸಿ, ಪೊಟ್ಟಣ ಬಿಚ್ಚಿದಾಗಲೆಲ್ಲ ಗಂಟನ್ನು ಅವಳ ಕೈಯಿಂದಲೇ ಬಿಚ್ಚಿಸುತ್ತಿದ್ದಳು. ಐದನೆಯ ಸಣ್ಣ ಗಂಟು ಬಿಚ್ಚಿದಾಗ ಮಂಡಪಂ ಎಂಬ ಸ್ಟೇಷನ್ನು ಬಂತು. ಅದು ಸೇತುವೆಗೆ ಮುಂಚಿನ ನಿಲ್ದಾಣ. ಖಾಕಿ ತೊಟ್ಟ ಹೆಲ್ತ್ ಇನ್ಸ್‌ಪೆಕ್ಟರೊಬ್ಬರು ಹತ್ತಿ ಎಲ್ಲರ ಹತ್ತಿರ ಏನೋ ಚೀಟಿ ಕೇಳುತ್ತಾ ಬಂದರು. ನಮ್ಮ ಹತ್ತಿರ ಇಲ್ಲ. ನಾವು ಚನ್ನರಾಯಪಟ್ಟಣದವರು ಅಂದಾಗ, ಕೊಳ್ಳೇಗಾಲದಲ್ಲಿ ಕೆಲಸ ಮಾಡಿದ್ದವರಂತೆ, ಕನ್ನಡದಲ್ಲೇ ಹೇಳಿದರು: "ಆ ಕಡೆ ಕಾಲರಾ ಇದೆ. ಸೂಜಿ ಹಾಕಿಸಿಕೊಂಡ ಚೀಟಿ ಇಲ್ಲದೆ ಸೇತುವೆ ದಾಟೋ ಹಾಗಿಲ್ಲ."

ಅಕ್ಕನಿಗೆ ಗಾಬರಿಯಾಗಲಿಲ್ಲ. ಚೀಲದಿಂದ ಕಾರ್ಡು ತೆಗೆದು ಹೆಮ್ಮೆಯಿಂದ ಚಾಚಿದಳು. "ನೋಡಿ ಸಾ, ಛತ್ರದೋರೇ ಬನ್ನಿ ಅಂತ ಬರ್ದವ್ರೆ."

ಅವರು ಓದಿದರು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. "ಇದರಲ್ಲೇ ಬರೆದಿದೆಯಲ್ಲಮ್ಮ. ಹೊರಡೋಕೆ ಹತ್ತು ದಿನ ಮುಂಚೆ ನಿಮ್ಮೂರಲ್ಲೇ ಕಾಲರಾ ಸೂಜಿ ಹಾಕಿಸಿಕೊಂಡು ಚೀಟಿ ತನ್ನಿ, ಇಲ್ಲದೆ ಬರಬೇಡಿ ಅಂತ. ಯಾರು ಓದಿದ್ದು ಇದನ್ನ?"

ಭಾವ ನನ್ನ ಕಡೆ ತಿರುಗಿದ. ಬೋಗಿಯಲ್ಲಿದ್ದವರೆಲ್ಲ ನೋಡಿದರು. ನಾನು ತಲೆ ತಗ್ಗಿಸಿದೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು.

"ನನ್ನ ತಮ್ಮ ಸರ್ಯಾಗೇ ಓದ್ದ ಸಾ" ಅಂದಳು. "ನಾನೇ ಯಾರ್ಗೂ ಹೇಳ್ಬ್ಯಾಡ ಅಂದೆ. ನಂಗೆ ಸೂಜಿ ಅಂದ್ರೆ ಜೀವ ಓಯ್ತದೆ."

"ಥೂ ನಿನ್ನ!" ಅಂದ ಭಾವ. "ಒಂದ್ ಸೂಜಿಗೆ ಎದ್ರಿ ಇಷ್ಟ್ ದೂರ ಎಲ್ರುನ್ನೂ ಎಳ್ಕೊಂಡ್ ಬಂದಾ?"

ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ನಮ್ಮನ್ನು ಇಳಿಸಿ ಒಂದು ಶೆಡ್ಡಿಗೆ ಕಳಿಸಿದರು. ಅಲ್ಲೇ ಸೂಜಿ ಹಾಕಿದರು. ಹಾಕಿದ ಮೇಲೂ ಹಲವು ದಿನ ಕಾಯಬೇಕು ಅಂದರು. ಸಂಜೆಗೆ ಅವ್ವನ ತೋಳು ಬಾತು ಜ್ವರ ಏರಿತು. ಶೆಡ್ಡಿನ ಸುತ್ತ ಮುಳ್ಳುತಂತಿ, ಅದರಾಚೆ ಎತ್ತರದ ಜಾಲಿ ಮರಗಳು. ಸಮುದ್ರ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬಿಡದೆ ಬರುತ್ತಿತ್ತು.

"ಅದೇನ್ ಮಗಾ ಸದ್ದು, ಗಿರಣಿನಾ?" ಅಂದಳು ಅವ್ವ.

"ಸಮುದ್ರ ಕಣವ್ವ."

"ಓ" ಅಂದು ಅವ್ವ ಆ ಕಡೆಗೆ ಮುಖ ತಿರುಗಿಸಿ ಮಲಗಿದಳು.

ಎರಡು ದಿನ ನೋಡಿದರೂ ಜ್ವರ ಬಿಡಲಿಲ್ಲ, ಅವ್ವ ಊರು ಊರು ಎಂದು ಕನವರಿಸತೊಡಗಿದಳು. ಅಕ್ಕನೇ ತೀರ್ಮಾನ ಮಾಡಿದಳು, ವಾಪಸು ಹೋಗೋಣ ಎಂದು. ರೈಲಿನಲ್ಲಿ ಅವ್ವ, ಭಾವ ನಿದ್ದೆ ಹೋದಾಗ ನಾನು, "ಅಕ್ಕ, ಆ ಕಾರ್ಡು..." ಅಂದೆ.

"ಸುಮ್ಕಿರ್ಲಾ. ಓದ್ತಾನೆ ಅಂತ ತಾನೇ ಮಂಡೀಲಿ ಕೆಲ್ಸ ಕೊಟ್ಟಿರೋದು? ಬರೋ ತಿಂಗ್ಳು ಹೊಳೆನರಸೀಪುರದಿಂದ ಎಣ್ಣಿನ ಕಡೆಯೋರು ಬತ್ತಾರೆ. ನಂಗ್ ಸೂಜಿ ಭಯ ಅಂದ್ರೆ ನಂದೇನ್ ಕಿತ್ತೋಯ್ತದೆ?" ಅಂದು ಹುರಿಹಿಟ್ಟಿನ ಪೊಟ್ಟಣ ಬಿಚ್ಚಿದಳು. ತುದಿಯ ಸಣ್ಣ ಗಂಟುಗಳು ಒಂದೊಂದೇ ಬಿಚ್ಚಿದವು. ದಾರದ ನಡುವೆ ಐದು ದಪ್ಪ ಗಂಟು ಹಾಗೇ ಉಳಿದವು.

ಹೊಳೆನರಸೀಪುರದ ಹೆಣ್ಣನ್ನೇ ಮದುವೆಯಾದೆ. ವರ್ಷ ತುಂಬುವುದರೊಳಗೆ ಅವ್ವನ ಕಣ್ಣು ಪೂರ್ತಿ ಹೋಯಿತು. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಗಿರಣಿ ಇದ್ದಂಗೆ" ಅನ್ನುವಳು. ಅಕ್ಕನ ಸೂಜಿ ಭಯ ಊರಿನ ತಮಾಷೆಯಾಯಿತು. ಊಟಕ್ಕೆ ಬಂದ ಡ್ರೈವರುಗಳು, "ನಂಜಮ್ಮಾರೇ, ಆಸ್ಪತ್ರೆಯೋರು ಸೂಜಿ ಇಡ್ಕೊಂಡ್ ಬತ್ತಾವ್ರೆ, ಅಟ್ಟ ಅತ್ಕೊಳಿ" ಅನ್ನುವರು. ಊರಿಗೆ ಸೂಜಿ ಹಾಕುವವರು ಬಂದಾಗ ಅಕ್ಕ ಕಣ್ಣು ಮುಚ್ಚಿ "ಅಯ್ಯಯ್ಯೋ" ಅಂತ ಕೂಗುವಳು. ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುವಳು. ನನಗೊಬ್ಬನಿಗೇ ಗೊತ್ತಿತ್ತು, ಅಕ್ಕ ನನಗೋಸ್ಕರ ಆಡುತ್ತಿದ್ದಾಳೆ ಎಂದು.

ಕೆಲವು ವರ್ಷದ ಮೇಲೆ, ದ್ವೀಪದ ತುದಿಯ ಆ ಊರನ್ನು ಬಿರುಗಾಳಿಯಲ್ಲಿ ಸಮುದ್ರ ನುಂಗಿತೆಂದು ಪೇಪರಿನಲ್ಲಿ ಬಂತು. ಕನ್ನಡದ ಪೇಪರು. ನಾನು ಅಕ್ಷರ ಕೂಡಿಸಿಕೊಂಡು ನಿಜವಾಗಿಯೇ ಓದಿ ಹೇಳಿದೆ. ಅಕ್ಕ ಎದ್ದು ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ದಾರ ತಂದಳು. ನಾಲ್ಕನೆಯ ದಪ್ಪ ಗಂಟನ್ನು ಉಗುರಿನಿಂದ ಬಿಡಿಸಿದಳು. "ಅಲ್ಲಿಗಿನ್ನು ಓಗಂಗಿಲ್ಲ" ಅಂದು ದಾರವನ್ನು ಮತ್ತೆ ಅದೇ ಮೊಳೆಗೆ ಹಾಕಿದಳು. ಇನ್ನೂ ಹೋಗುವ ಆಸೆ ಇಟ್ಟುಕೊಂಡಿದ್ದಳು ಎಂದು ನನಗೆ ತಿಳಿದದ್ದು ಅವತ್ತೇ.

ಕೊನೆಗೆ ಅವಳನ್ನು ನೋಡಿದ್ದು ಹಾಸನದ ಆಸ್ಪತ್ರೆಯಲ್ಲಿ. ಹೊಟ್ಟೆಯ ಕಾಯಿಲೆ, ಮೈ ಒಣಗಿ ಕಡ್ಡಿಯಾಗಿತ್ತು. ನರ್ಸು ಸೂಜಿ ತಂದಾಗ ಭಾವ ಕಣ್ಣೀರು ನುಂಗಿಕೊಂಡು, "ಮೆಲ್ಲಗೆ ಹಾಕಿ ಸಿಸ್ಟ್ರಮ್ಮ, ಸೂಜಿಗೆ ಎದ್ರಿ ರಾಮೇಸ್ವರ ಬಿಟ್ಬಂದೋಳು ಇವ್ಳು" ಅಂದ. ಅಕ್ಕ ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿ, ಕೇಳಿಸಿಯೂ ಕೇಳಿಸದ ಹಾಗೆ "ಅಯ್ಯಯ್ಯೋ" ಅಂದಳು. ನರ್ಸು ನಕ್ಕಳು, ಭಾವ ನಕ್ಕ. ಅವರ ಜೊತೆ ನಾನೂ ನಕ್ಕೆ.

ಎರಡು ದಿನಕ್ಕೆ ಹೋಗಿಬಿಟ್ಟಳು. ಹನ್ನೊಂದನೆಯ ದಿನದ ಊಟದಲ್ಲಿ ಭಾವ ಬಂದವರಿಗೆಲ್ಲ ಅದೇ ಕಥೆ ಹೇಳಿದ, ನಗುತ್ತಾ, ಅಳುತ್ತಾ. ನಾನು ಪಂಕ್ತಿಯಲ್ಲಿ ಅನ್ನ ಬಡಿಸುತ್ತಾ ಕೇಳಿಸಿಕೊಂಡೆ. ಈಗ ಭಾವನೂ ಇಲ್ಲ, ಅವ್ವನೂ ಇಲ್ಲ. ನಾಲ್ಕು ಗಂಟಿನ ಆ ದಾರ ನನ್ನ ಹತ್ತಿರ ಇದೆ. ಬಾಯಿಂದ ಹೇಳಲಾಗದ್ದನ್ನು, ನನಗೆ ಬರುವಷ್ಟು ಕನ್ನಡದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಆ ಕಾರ್ಡು ಓದಲು ಬಾರದವನು ನಾನು. ನಂಜಕ್ಕ ಸೂಜಿಗೆ ಹೆದರಿದವಳಲ್ಲ.