ಮಾವನ ಹೋರಿಯ ಉಪಕಾರ

ಒಬೊನ್ಯೆಯ ದೊಡ್ಡಿಯ ಜಾಲಿಮರದ ಕೊಂಬೆಗೆ ಒಂದು ಕೊಕ್ಕೆ ತಕ್ಕಡಿ ನೇತಾಡುತ್ತದೆ. ಹದಿನಾಲ್ಕು ವರ್ಷಗಳಿಂದ, ಹುಟ್ಟಿದ ಪ್ರತಿ ಕರುವನ್ನೂ ಮೈ ಒಣಗುವಷ್ಟರಲ್ಲಿ ಗೋಣಿಚೀಲದಲ್ಲಿ ಕೂರಿಸಿ ಅದಕ್ಕೆ ತೂಗುಹಾಕುತ್ತಾಳೆ. ಅದಕ್ಕೂ ಹಿಂದಿನ ವರ್ಷ ಎರಡು ಕಡಸುಗಳು ಕರು ಹೊರಬಾರದೆ ಸತ್ತಿದ್ದವು. ಹುಕುಂಟ್ಸಿ ಊರಾಚೆಯ ಈ ಮರಳುಗಾಡಿಗೆ ದನದ ಡಾಕ್ಟರು ಬರಲು ಅರ್ಧ ದಿನ ಬೇಕು.

ಅವಳು ದನ ಸಾಕುವುದು ಮಾಂಸಕ್ಕೆ. ಆದರೂ ಹುಟ್ಟುವಾಗ ಕರು ಸಣ್ಣದಿರಬೇಕು, ಆಮೇಲೆ ಬೇಗ ಬೆಳೆಯಬೇಕು ಎಂಬುದು ಅವಳ ಹಟ. ಮೂರು ಹೋರಿಗಳನ್ನು ಬೇಡವೆಂದ ಮೇಲೆ ಸಿಕ್ಕಿದ್ದು ಈಗಿನ ಕಂದು ಹೋರಿ. ಅದರ ಕರುಗಳು ಹುಟ್ಟುವಾಗ ಇಪ್ಪತ್ತಾರು ಕಿಲೋ, ಏಳನೆಯ ತಿಂಗಳಿಗೆ ನೂರ ತೊಂಬತ್ತು.

ಅವಳ ತಾಯಿಯ ತಮ್ಮ ಕೆಬಲೆಪಿಲೆ ಅವರಿಗೆ ಇದು ತಮಾಷೆ. ಎಪ್ಪತ್ತೊಂದು ವರ್ಷದ ಅವರ ದೊಡ್ಡಿ ಕೊಳವೆಬಾವಿಯ ಆಚೆಗೆ. ಅವರ ಕೆನೆಬಣ್ಣದ ಭಾರಿ ಹೋರಿ ನೀರಿನ ತೊಟ್ಟಿಗೆ ಬಂದರೆ ಉಳಿದ ದನ ದಾರಿ ಬಿಡುತ್ತವೆ.

"ನಿನ್ನ ಹೋರಿಗೆ ಹುಟ್ಟೋದು ಕರುನೋ ಮೇಕೆಮರಿನೋ?"

"ಏಳು ತಿಂಗಳು ಬಿಟ್ಟು ಬಂದು ಎತ್ತಿ ನೋಡಿ ಮಾವ. ಸೊಂಟ ಹಿಡ್ಕೊಂಡು ಮನೆಗೆ ಹೋಗ್ತೀರ."

ಫೆಬ್ರವರಿಯಲ್ಲಿ ಕಾಂಗ್ ಊರಿನಲ್ಲಿ ಗಂಡನ ಕಡೆಯವರೊಬ್ಬರು ತೀರಿಕೊಂಡರು. ಮಣ್ಣು ಮುಗಿಯುವವರೆಗೆ ನಾಲ್ಕು ದಿನ ಅವಳು ಅಲ್ಲೇ ಇರಬೇಕಾಯಿತು. ಮೊದಲ ಸಲ ಗಬ್ಬವಾಗಬೇಕಿದ್ದ ಐದು ಕಡಸುಗಳನ್ನು ಬೇರೆ ಮುಳ್ಳುಬೇಲಿಯೊಳಗೆ ಕೂಡಿ, ಮಾವನಿಗೆ ನೀರು ಕುಡಿಸಲು ಹೇಳಿಹೋಗಿದ್ದಳು. ವಾಪಸ್ಸು ಬಂದಾಗ ಮಾವ ಬೇಲಿಯ ಬಳಿ ನಗುತ್ತ ನಿಂತಿದ್ದರು.

"ನಿನಗೊಂದು ಉಪಕಾರ ಮಾಡಿದೀನಿ ಕಣೇ. ನನ್ನ ಹೋರಿನ ಒಳಗೆ ಬಿಟ್ಟಿದ್ದೆ."

ಇಲ್ಲಿ ಸೋದರಮಾವ ಕೊಟ್ಟದ್ದನ್ನು ಅಕ್ಕನ ಮಗಳು ಬೇಡ ಎನ್ನುವಂತಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು ಚಹಾ ಕೊಟ್ಟಳು. ಇನ್ನೂ ಗಬ್ಬವಾಗದ ಕಡಸು ಉಳಿದಿದ್ದರೆ ಎಂದು ಮರುದಿನವೇ ಕಂದು ಹೋರಿಯನ್ನೂ ಬಿಟ್ಟಳು. ಯಾವ ಕಡಸಿಗೆ ಯಾವ ಹೋರಿಯ ಗಬ್ಬ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಬಾಗಿಲ ಹಿಂದೆ ಇದ್ದಿಲಿನಲ್ಲಿ ದಿನಕ್ಕೊಂದು ಗೀರು ಎಳೆದಳು. ಐದು ಹೊಟ್ಟೆಗಳನ್ನೂ ದಿನವೂ ನೋಡುತ್ತಿದ್ದಳು, ಹೆಚ್ಚು ದಪ್ಪವಾಯಿತೇ ಎಂದು.

ಇನ್ನೂರ ಎಂಬತ್ತನಾಲ್ಕನೆಯ ಗೀರಿನ ದಿನ, ಬೆಳಿಗ್ಗೆ, ಕೆಂಪು ಕಡಸು ಗುಂಪು ಬಿಟ್ಟು ಮೂಲೆಗೆ ಹೋಗಿ ಮಲಗಿತು. ಒಂಬತ್ತಕ್ಕೆ ಎರಡು ಗೊರಸು ಕಾಣಿಸಿದವು. ಒಬೊನ್ಯೆ ಬೆರಳಿಟ್ಟು ಅಳೆದಳು. ಅಗಲವಾಗಿದ್ದವು. ಒಂದು ಗಂಟೆ ತಿಣುಕಿದರೂ ಮೂತಿಯ ತುದಿಯಿಂದಾಚೆ ಏನೂ ಬರಲಿಲ್ಲ. ಮಾವನ ದೊಡ್ಡಿಯತ್ತ ಕೂಗಿದಳು.

ಕೆಬಲೆಪಿಲೆ ಬಂದವರೇ, ಅವಳು ಕರುವಿನ ಮುಂಗಾಲುಗಳಿಗೆ ಕಟ್ಟಿದ್ದ ಹಗ್ಗ ಹಿಡಿದು ಜಗ್ಗಿದರು.

"ಬೇಡ! ಅವಳು ತಿಣುಕಿದಾಗ ಮಾತ್ರ. ಒಂದ್ಸಲ ಈ ಕಾಲು, ಒಂದ್ಸಲ ಆ ಕಾಲು. ಕೆಳಕ್ಕೆ, ಮಾವ, ಕೆಳಕ್ಕೆ!"

"ನನಗೇ ಬೈತೀಯಲ್ಲೇ."

"ಬೈತಾ ಇಲ್ಲ. ಎಳೀರಿ!"

ಅವರ ಮುಂದೆ ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ಅವರು ಹೇಳಿದಂತೆ ಎಳೆದರು. ತಲೆ ಬಂತು, ಭುಜ ಸಿಕ್ಕಿಕೊಂಡಿತು, ಕೊನೆಗೆ ಕರು ಇಡಿಯಾಗಿ ಮರಳಿಗೆ ಜಾರಿತು. ಮೂಗಿನ ಲೋಳೆ ತೆಗೆದು ಹುಲ್ಲುಕಡ್ಡಿ ತೂರಿಸಿದಾಗ ಸೀನಿತು. ಮೈ ಒರೆಸಿದ ಮೇಲೆ ಬಣ್ಣ ಕಂಡಿತು. ಕೆನೆ. ತಕ್ಕಡಿಯ ಮುಳ್ಳು ನಲವತ್ತಮೂರಕ್ಕೆ ನಿಂತಿತು. ಕೆಬಲೆಪಿಲೆ ಬಗ್ಗಿ ಎರಡು ಸಲ ಓದಿದರು.

ಆದರೆ ಕಡಸು ಏಳಲಿಲ್ಲ. ಹಿಂಗಾಲು ಊರಲು ಹೋದಾಗ ಎರಡೂ ಅತ್ತಿತ್ತ ಜಾರಿದವು. ಬಿಗಿಯಾಗಿ ಬಂದ ಕರು ಒಳಗಿನ ನರ ಜಜ್ಜಿದರೆ ಹಾಗಾಗುತ್ತದೆ. ಏಳದ ದನ ಇಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಇಬ್ಬರೂ ಅದನ್ನು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು, ನೀರು ಕುಡಿಸಿದರು, ಗೋಣಿ ಕಟ್ಟಿ ನೆರಳು ಮಾಡಿದರು. ಅವರಿಬ್ಬರ ಊಟದ ಜೋಳದ ಹುಳಿಗಂಜಿ ಯಾರೂ ಮುಟ್ಟದೆ ತಣ್ಣಗಾಯಿತು.

"ಎದ್ದೇಳ್ತಾಳಾ?"

"ಗೊತ್ತಿಲ್ಲ ಮಾವ."

ಮೂರು ಗಂಟೆಗೆ ಕರು ಅರಚಿತು. ಕಡಸು ಬೆನ್ನು ಎತ್ತಿತು, ಬಿತ್ತು, ಮತ್ತೆ ಎತ್ತಿತು. ಈ ಸಲ ಒಬೊನ್ಯೆ ಬಾಲದ ಬುಡಕ್ಕೆ ಭುಜ ಕೊಟ್ಟಳು. ಕಡಸು ನಡುಗುತ್ತ ನಿಂತಿತು. ಕರು ಮೊಲೆ ಹುಡುಕಿತು.

ಕೆಬಲೆಪಿಲೆ ಹೊರಡಲೆಂದು ಟೋಪಿ ತೆಗೆದುಕೊಂಡರು. ಬೇಲಿಯಾಚೆ ನಾಲ್ಕು ಕಡಸುಗಳು ತುಂಬಿದ ಹೊಟ್ಟೆ ಹೊತ್ತು ನಿಂತಿದ್ದವು. ಅದರಲ್ಲೊಂದು ಬಾಲ ಎತ್ತಿ ಗುಂಪು ಬಿಟ್ಟು ದೂರ ನಡೆಯುತ್ತಿತ್ತು.

ಅವರು ಟೋಪಿಯನ್ನು ಮತ್ತೆ ಕೊಂಬೆಗೆ ಹಾಕಿ, ಹಗ್ಗವನ್ನು ಬಕೆಟ್ಟಿನಲ್ಲಿ ತೊಳೆಯತೊಡಗಿದರು.